ಕದ್ರಾ ಡ್ಯಾಮಿಗೆ, ಕೈಗಾಕ್ಕೆ, ನಮ್ಮೂರ ಸಬ್‌ಸ್ಟೇಷನ್ನಿಗೆ ಕಾವಲು ಹೇಗೆ ಯೋಜಿಸುತ್ತಾರೆ?

2025ರ ಫೆಬ್ರವರಿಯಲ್ಲಿ, ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಸೋರಿದ ಆರೋಪದ ಮೇಲೆ ಎನ್‌ಐಎ ನಮ್ಮ ಉತ್ತರ ಕನ್ನಡ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಮೇ 7ರಂದು ದೇಶದ ಹಲವೆಡೆ ಸೈರನ್ ಊದಿ, ದೀಪ ಆರಿಸಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಸಿದರು. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಯಾವ ಶತ್ರುವೂ ಬಂದಿರಲಿಲ್ಲ. ಆದರೂ 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಗ್ಯಾಸ್ ಟ್ಯಾಂಕರ್ ಗಂಗಾವಳಿ ಹೊಳೆಗೆ ಬಿತ್ತು. ಆಗಸ್ಟ್ 7ರ ನಡುರಾತ್ರಿ ಕಾಳಿ ಹೊಳೆಯ ಹಳೇ ಸೇತುವೆ ಬಿದ್ದುಹೋಯಿತು.

ಈ ಘಟನೆಗಳ ಮಧ್ಯೆ ಜನ ಕೇಳುವ ಪ್ರಶ್ನೆ ಸರಳವಾಗಿದೆ. ಅಣುಸ್ಥಾವರ, ಸಾಲಾಗಿ ಡ್ಯಾಮುಗಳು, ನೌಕಾನೆಲೆ, ಹೆದ್ದಾರಿ, ರೈಲು ಎಲ್ಲಾ ಒಂದೇ ಜಿಲ್ಲೆಯಲ್ಲಿವೆ. ಇವನ್ನೆಲ್ಲ ಕಾಯುವುದು ಹೇಗೆ? ಗೇಟಿನಲ್ಲಿ ಬಂದೂಕು ಹಿಡಿದು ನಿಂತವರನ್ನು ನಾವು ನೋಡಿದ್ದೇವೆ. ಆದರೆ ಅವರು ಅಲ್ಲೇ ಏಕೆ ನಿಂತಿದ್ದಾರೆ, ಬೇರೆ ಕಡೆ ಏಕಿಲ್ಲ ಎಂದು ಯಾರೋ ಕುಳಿತು ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕ ಹೇಗಿರುತ್ತದೆ ಎನ್ನುವುದು ಇಲ್ಲಿದೆ.

ಅತಿ ಮುಖ್ಯ ಎಂದರೆ ಯಾವುದು?

ಕರೆಂಟು, ಕುಡಿಯುವ ನೀರು, ಫೋನು, ಇಂಧನ, ರೈಲು, ಬ್ಯಾಂಕು. ದಿನವೂ ಬಳಸುವ ಇಂಥ ಸೇವೆಗಳ ಹಿಂದಿರುವ ಕಟ್ಟಡ, ಯಂತ್ರ, ತಂತಿ, ಕಂಪ್ಯೂಟರುಗಳನ್ನು ಒಟ್ಟಾಗಿ ಮೂಲಸೌಕರ್ಯ ಎನ್ನುತ್ತೇವೆ. ಅದರಲ್ಲಿ ಯಾವುದು ನಿಂತರೆ ದೇಶದ ಭದ್ರತೆ, ಹಣಕಾಸು, ಜನರ ಆರೋಗ್ಯ ಅಥವಾ ಜೀವಕ್ಕೆ ದೊಡ್ಡ ಪೆಟ್ಟು ಬೀಳುತ್ತದೋ ಅದು ನಿರ್ಣಾಯಕ ಮೂಲಸೌಕರ್ಯ. ಕಂಪ್ಯೂಟರ್ ವ್ಯವಸ್ಥೆಗಳ ವಿಷಯದಲ್ಲಿ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಹೆಚ್ಚುಕಡಿಮೆ ಇದೇ ಅಳತೆ ಇಟ್ಟುಕೊಂಡಿದೆ.

ಇಲ್ಲಿ ನೋಡುವುದು ಗಾತ್ರವನ್ನಲ್ಲ, ನಿಂತರೆ ಆಗುವ ಪರಿಣಾಮವನ್ನು. ಹೊಳೆಯ ದಂಡೆಯಲ್ಲಿರುವ ಒಂದು ಸಣ್ಣ ಪಂಪ್‌ಹೌಸ್ ಊರಿಗೆಲ್ಲ ನೀರು ಕೊಡುತ್ತಿದ್ದರೆ, ಆ ಊರಿನ ಮಟ್ಟಿಗೆ ಅದು ದೊಡ್ಡ ಸರ್ಕಾರಿ ಕಟ್ಟಡಕ್ಕಿಂತ ಮುಖ್ಯ.

ಮೊದಲ ಪ್ರಶ್ನೆ: ಇದು ನಿಂತರೆ ಏನಾಗುತ್ತದೆ?

ಭದ್ರತೆ ಎಂದ ಕೂಡಲೇ ಎಷ್ಟು ಗಾರ್ಡ್, ಎಷ್ಟು ಕ್ಯಾಮೆರಾ ಎಂಬ ಮಾತು ಶುರುವಾಗುತ್ತದೆ. ಸರಿಯಾಗಿ ಯೋಜನೆ ಮಾಡುವವರು ಅಲ್ಲಿಂದ ಶುರು ಮಾಡುವುದಿಲ್ಲ. ಇದು ನಿಂತರೆ ಯಾರಿಗೆ ತೊಂದರೆ, ಎಷ್ಟು ಹೊತ್ತಿನಲ್ಲಿ, ಬದಲಿ ಇದೆಯಾ ಎಂದು ಮೊದಲು ಕೇಳುತ್ತಾರೆ. ಎಲ್ಲವನ್ನೂ ಒಂದೇ ಸಮ ಕಾಯಲು ಹಣವೂ ಇಲ್ಲ, ಜನವೂ ಇಲ್ಲ. ಹಾಗಾಗಿ ಯಾವುದಕ್ಕೆ ಮೊದಲು ಎಂದು ತೀರ್ಮಾನಿಸಲೇಬೇಕು.

ಕಾಳಿ ಹೊಳೆಯನ್ನೇ ನೋಡಿ. ಮೇಲೆ ಗಣೇಶಗುಡಿಯ ಹತ್ತಿರ ಸೂಪಾ ಡ್ಯಾಮ್. ಕೆಳಗೆ ಬೊಮ್ಮನಹಳ್ಳಿ ಜಲಾಶಯ, ಅಂಬಿಕಾನಗರದ ನಾಗಝರಿ ವಿದ್ಯುದಾಗಾರ. ಇನ್ನೂ ಕೆಳಗೆ ಕೊಡಸಳ್ಳಿ, ಆಮೇಲೆ ಕದ್ರಾ. ಅಲ್ಲಿಂದ ನೀರು ಕಾರವಾರದ ಸಮುದ್ರಕ್ಕೆ. ಮೇಲಿನ ಗೇಟಿನಲ್ಲಿ ಏನೇ ಆದರೂ ಕೆಳಗಿನ ಡ್ಯಾಮು ಅದನ್ನು ತಾಳಿಕೊಳ್ಳಬೇಕು. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ.

ತಲಾ 220 ಮೆಗಾವ್ಯಾಟ್‌ನ 4 ಘಟಕಗಳಿರುವ ಕೈಗಾ ಸ್ಥಾವರ ತಂಪಾಗಲು ನೀರು ತೆಗೆದುಕೊಳ್ಳುವುದು ಇದೇ ಕದ್ರಾ ಜಲಾಶಯದಿಂದ. ಕೈಗಾ ವಿದ್ಯುತ್ ಕೊಡುವ ಜಾಗ ಮಾತ್ರ ಅಲ್ಲ, ಅದಕ್ಕೂ ವಿದ್ಯುತ್ ಬೇಕು. ಅಣು ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಇಂಧನ ಬಿಸಿಯಾಗುತ್ತಲೇ ಇರುತ್ತದೆ. ತಂಪು ಮಾಡುವ ಪಂಪುಗಳು ಓಡಬೇಕು. ಹೊರಗಿನ ಲೈನು ಹೋದರೆ ಅಲ್ಲೇ ಇರುವ ಡೀಸೆಲ್ ಜನರೇಟರ್ ಕೈಹಿಡಿಯಬೇಕು. ಅಂದರೆ ಡ್ಯಾಮು, ಲೈನು, ಸ್ಥಾವರ ಮೂರೂ ಬೇರೆ ಬೇರೆ ಬೇಲಿಯೊಳಗಿದ್ದರೂ ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ಗೇಟಿಗಷ್ಟೇ ಕಾವಲು ಹಾಕಿದರೆ ಯೋಜನೆ ಅರ್ಧವಾಯಿತು.

ಇಂಥ ಸರಪಳಿ ನಮ್ಮ ಮನೆಯಲ್ಲೇ ಕಾಣುತ್ತದೆ. ಜೋಯಿಡಾ, ಯಲ್ಲಾಪುರ, ಶಿರಸಿ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುತ್ತದೆ. ಒಂದಷ್ಟು ಹೊತ್ತಿಗೆ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಆಮೇಲೆ ಕರೆಂಟು ಹೋಗಿದೆ ಎಂದು ಲೈನ್‌ಮನ್‌ಗೆ ಹೇಳುವುದಕ್ಕೂ ದಾರಿ ಇಲ್ಲ.

ಯಾರಿಂದ, ಯಾವುದರಿಂದ ಅಪಾಯ?

ಎರಡನೇ ಹೆಜ್ಜೆ ಅಪಾಯಗಳ ಪಟ್ಟಿ. ತಾಮ್ರದ ತಂತಿ ಕದಿಯುವವನಿಂದ ಹಿಡಿದು ಬೇರೆ ದೇಶದ ಗೂಢಚಾರರವರೆಗೆ ಇದರಲ್ಲಿ ಬರುತ್ತಾರೆ. ಸಿಟ್ಟಾದ ನೌಕರ, ಕಂಪ್ಯೂಟರ್ ಮೂಲಕ ನುಗ್ಗುವವರು, ಡ್ರೋನ್ ಹಾರಿಸುವವರು, ಬೆಂಕಿ, ನೆರೆ, ಭೂಕುಸಿತ ಎಲ್ಲವೂ ಸೇರುತ್ತವೆ. ಪ್ರತಿಯೊಂದಕ್ಕೂ ಆಗುವ ಸಾಧ್ಯತೆ ಎಷ್ಟು, ಆದಲ್ಲಿ ಹಾನಿ ಎಷ್ಟು ಎಂದು ತೂಗುತ್ತಾರೆ. ಚಿಕ್ಕ ಕಳ್ಳತನ ಪದೇ ಪದೇ ಆಗಬಹುದು, ಹಾನಿ ಕಡಿಮೆ. ಡ್ಯಾಮಿನ ಗೇಟ್ ಹಾಳಾಗುವುದು ಅಪರೂಪ, ಆದರೆ ಹಾಗಾದಾಗ ಊರೇ ಮುಳುಗಬಹುದು.

ಅಣುಸ್ಥಾವರದಂಥ ಜಾಗಗಳಲ್ಲಿ ಇದನ್ನು ಇನ್ನೂ ಖಚಿತವಾಗಿ ಬರೆದಿಡುತ್ತಾರೆ. ದಾಳಿ ಮಾಡುವವರು ಎಷ್ಟು ಜನ ಇರಬಹುದು, ಕೈಯಲ್ಲಿ ಏನಿರಬಹುದು, ಒಳಗಿನವರ ಸಹಾಯ ಇರಬಹುದಾ ಎಂದು ಮೊದಲೇ ಊಹಿಸಿ, ಅಷ್ಟನ್ನು ಎದುರಿಸುವಂತೆ ಕಟ್ಟಡ ಮತ್ತು ಕಾವಲು ಎರಡನ್ನೂ ರೂಪಿಸುತ್ತಾರೆ. ಇದನ್ನು ಡಿಸೈನ್ ಬೇಸಿಸ್ ಥ್ರೆಟ್ ಎನ್ನುತ್ತಾರೆ. ಈ ಕಾಗದ ಗುಟ್ಟಾಗಿಯೇ ಇರುತ್ತದೆ, ಇರಬೇಕು ಕೂಡ.

ಬೇಲಿ ಕಳ್ಳನನ್ನು ನಿಲ್ಲಿಸುವುದಿಲ್ಲ, ನಮಗೆ ಹೊತ್ತು ಕೊಡುತ್ತದೆ

ಇಡೀ ವಿಷಯದ ತಿರುಳು ಇಲ್ಲಿದೆ. ಶಿರಸಿ ಕಡೆಯ ಒಂದು ಮನೆಯಂಗಳದಲ್ಲಿ ಚಾಲಿ ಅಡಿಕೆ ಒಣಗಲು ಹಾಕಿದ್ದಾರೆ ಎಂದುಕೊಳ್ಳಿ. ದಣಪೆ (ಬೇಲಿಯ ಬಾಗಿಲು) ಇದೆ, ಬೇಲಿ ಇದೆ, ನಾಯಿ ಇದೆ. ಒಳಗೆ ಮನೆಯವರು ಮಲಗಿದ್ದಾರೆ. ಕಳ್ಳನಿಗೆ ದಣಪೆ ದಾಟುವುದು ದೊಡ್ಡ ಮಾತಲ್ಲ. ಆದರೆ ನಾಯಿ ಬೊಗಳಿದ ಮೇಲೆ ಅಡಿಕೆ ಬಾಚಿ, ಚೀಲಕ್ಕೆ ತುಂಬಿ, ಹೊತ್ತುಕೊಂಡು ರಸ್ತೆ ಮುಟ್ಟಲು ಅವನಿಗೆ ಎಷ್ಟು ಹೊತ್ತು ಬೇಕು? ಮನೆಯವರು ಎದ್ದು, ಲೈಟ್ ಹಾಕಿ, ಪಕ್ಕದ ಮನೆಯವರನ್ನು ಕೂಗಿ ಹೊರಗೆ ಬರಲು ಎಷ್ಟು ಹೊತ್ತು ಬೇಕು? ಎರಡನೆಯದು ಕಡಿಮೆಯಾದರೆ ಅಡಿಕೆ ಉಳಿಯಿತು.

ಭದ್ರತಾ ಯೋಜಕರೂ ಇದೇ ಲೆಕ್ಕ ಹಾಕುತ್ತಾರೆ. ಅವರ ಮಾತಿನಲ್ಲಿ ಮೂರು ಕೆಲಸ: ಪತ್ತೆ, ವಿಳಂಬ, ಪ್ರತಿಕ್ರಿಯೆ. ಒಳನುಗ್ಗಿದ್ದು ಕೂಡಲೇ ಗೊತ್ತಾಗಬೇಕು. ಗೊತ್ತಾದ ಮೇಲೆ ಅವರನ್ನು ಗೋಡೆ, ಬಾಗಿಲು, ಬೀಗ ತಡ ಮಾಡಬೇಕು. ಅಷ್ಟರೊಳಗೆ ಕಾವಲಿನವರು ಅಲ್ಲಿಗೆ ಮುಟ್ಟಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಡಿನ ನಡುವಿನ ಒಂದು ಸಬ್‌ಸ್ಟೇಷನ್. ಹತ್ತಿರದ ಠಾಣೆಯಿಂದ ಜೀಪು ಬರಲು 30 ನಿಮಿಷ ಬೇಕು. ಬೇಲಿ ಕತ್ತರಿಸಲು 1 ನಿಮಿಷ, ಕಂಟ್ರೋಲ್ ರೂಮಿನ ಬಾಗಿಲು ಒಡೆಯಲು 4 ನಿಮಿಷ. ಒಟ್ಟು 5 ನಿಮಿಷದ ತಡೆಯನ್ನು ನಂಬಿ 30 ನಿಮಿಷ ದೂರದ ಜೀಪಿಗೆ ಕಾಯುವುದು ಲೆಕ್ಕಕ್ಕೆ ಕೂಡುವುದಿಲ್ಲ. ಆಗ ಎರಡು ದಾರಿ. ಬಾಗಿಲು ಗಟ್ಟಿ ಮಾಡಬೇಕು, ಇಲ್ಲವೇ ಕಾವಲಿನವರನ್ನು ಹತ್ತಿರ ತರಬೇಕು. ಬೇಲಿಯ ಮೇಲೆ ಇನ್ನೊಂದು ಸುತ್ತು ಮುಳ್ಳುತಂತಿ ಹಾಕಿದರೆ ನೋಡಲು ಭದ್ರವಾಗಿ ಕಾಣಬಹುದು, ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಪತ್ತೆಗಿಂತ ಮುಂಚಿನ ತಡೆ ಲೆಕ್ಕಕ್ಕೇ ಬರುವುದಿಲ್ಲ ಎನ್ನುವುದನ್ನೂ ಗಮನಿಸಿ. ಯಾರಿಗೂ ಗೊತ್ತಾಗದಿದ್ದರೆ ಎಷ್ಟೇ ಎತ್ತರದ ಗೋಡೆಯನ್ನೂ ನಿಧಾನವಾಗಿ ಹತ್ತಬಹುದು, ಅಲ್ವಾ?

ಹಾಗಾದರೆ ಕ್ಯಾಮೆರಾ ಹಾಕಿದರೆ ಸಾಕಲ್ಲವೇ?

ಸಾಲದು. ಯಾರೂ ನೋಡದ ಕ್ಯಾಮೆರಾ ಕಳುವಾದ ಮೇಲೆ ವಿಡಿಯೋ ಕೊಡುತ್ತದೆ, ಕಳುವನ್ನು ತಪ್ಪಿಸುವುದಿಲ್ಲ. ಒಬ್ಬನೇ ಮನುಷ್ಯ ಗಂಟೆಗಟ್ಟಲೆ ಹತ್ತಾರು ಪರದೆ ನೋಡುತ್ತಾ ಕುಳಿತರೆ ಗಮನ ಉಳಿಯುವುದೂ ಕಷ್ಟ. ಅದಕ್ಕೇ ಬೇಲಿಯಲ್ಲಿ ಅಲುಗಾಟ ಗುರುತಿಸುವ ಸೆನ್ಸರ್ ಇಟ್ಟು, ಅದು ಕೂಗಿದಾಗ ಆ ಜಾಗದ ಕ್ಯಾಮೆರಾ ತಾನಾಗಿ ತೆರೆದುಕೊಳ್ಳುವಂತೆ ಜೋಡಿಸುತ್ತಾರೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಬೇರೆಯೇ ಪರೀಕ್ಷೆ. ವರ್ಷಕ್ಕೆ 3000 ಮಿಲಿಮೀಟರ್ ಮೀರುವ ಮಳೆ, ಉಪ್ಪಿನ ಗಾಳಿ, ಬೇಲಿಗೆ ಹಬ್ಬುವ ಬಳ್ಳಿ, ಮಂಗ, ದನ. ಗಾಳಿಗೆ ಕೊಂಬೆ ತಾಗಿದಾಗಲೆಲ್ಲ ಅಲಾರಂ ಕೂಗಿದರೆ ಮೂರನೇ ರಾತ್ರಿ ಯಾರೋ ಅದರ ಸ್ವಿಚ್ ತೆಗೆದುಬಿಡುತ್ತಾರೆ. ಉಪ್ಪಿನ ಗಾಳಿಗೆ ಕ್ಯಾಮೆರಾದ ಪೆಟ್ಟಿಗೆ ತುಕ್ಕು ಹಿಡಿಯುತ್ತದೆ, ಗಾಜು ಮಬ್ಬಾಗುತ್ತದೆ. ಬೇಲಿಯಂಚಿನ ಗಿಡ ಸವರಲು, ಗಾಜು ಒರೆಸಲು ಪ್ರತಿವರ್ಷ ಹಣ ತೆಗೆದಿಡದ ಯೋಜನೆ ಎರಡು ಮಳೆಗಾಲ ದಾಟುವುದು ಕಷ್ಟ. ನನ್ನ ಪ್ರಕಾರ ಇಂಥ ಯೋಜನೆಗಳಲ್ಲಿ ಮೊದಲು ನೋಡಬೇಕಾದ ಪುಟ ನಿರ್ವಹಣೆಯದ್ದು, ಖರೀದಿಯದ್ದಲ್ಲ.

ಒಂದು ಟ್ರಾನ್ಸ್‌ಫಾರ್ಮರಿಗೆ ಇಷ್ಟೊಂದು ಬೆಲೆ ಏಕೆ?

2013ರ ಏಪ್ರಿಲ್ 16ರ ನಸುಕಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಟ್‌ಕಾಫ್ ಎಂಬ ಸಬ್‌ಸ್ಟೇಷನ್ ಮೇಲೆ ಯಾರೋ ಗುಂಡು ಹಾರಿಸಿದರು. ಮೊದಲು ನೆಲದಡಿಯ ಟೆಲಿಫೋನ್ ಕೇಬಲ್ ಕತ್ತರಿಸಿದ್ದರು. ಆಮೇಲೆ ಬೇಲಿಯ ಹೊರಗಿನಿಂದಲೇ ಟ್ರಾನ್ಸ್‌ಫಾರ್ಮರುಗಳಿಗೆ ಗುರಿ ಇಟ್ಟರು. ಒಬ್ಬರೂ ಒಳಗೆ ಕಾಲಿಡಲಿಲ್ಲ. 17 ಟ್ರಾನ್ಸ್‌ಫಾರ್ಮರುಗಳು ಹಾಳಾದವು. ರಿಪೇರಿಗೆ ಸುಮಾರು ಒಂದು ತಿಂಗಳು ಹಿಡಿಯಿತು.

ದೊಡ್ಡ ಟ್ರಾನ್ಸ್‌ಫಾರ್ಮರಿನ ಒಳಗೆ ತಾಮ್ರದ ಸುರುಳಿಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಶಾಖವನ್ನು ಹೊರಗೆ ಸಾಗಿಸುತ್ತದೆ, ವಿದ್ಯುತ್ ಒಂದೆಡೆಯಿಂದ ಇನ್ನೊಂದೆಡೆಗೆ ಹಾರದಂತೆಯೂ ತಡೆಯುತ್ತದೆ. ಪಕ್ಕದ ರೇಡಿಯೇಟರಿಗೆ ತೂತು ಬಿದ್ದರೆ ಎಣ್ಣೆ ಸೋರುತ್ತದೆ, ಬಿಸಿ ಏರುತ್ತದೆ, ಯಂತ್ರ ನಿಲ್ಲುತ್ತದೆ. ದೊಡ್ಡವು ನೂರು ಟನ್ನಿಗೂ ಹೆಚ್ಚು ತೂಗುತ್ತವೆ. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಆರ್ಡರ್ ಕೊಟ್ಟು ತಯಾರಾಗಿ ಬರಲು ವರ್ಷವೇ ಬೇಕಾಗಬಹುದು. ತಯಾರಾದ ಮೇಲೆ ಅಷ್ಟು ಭಾರದ ಟ್ರೇಲರ್ ಅರಬೈಲ್ ಘಟ್ಟ ಇಳಿಯಬೇಕು, ಸೇತುವೆಗಳು ಆ ತೂಕ ತಾಳಬೇಕು. ಮಳೆಗಾಲದಲ್ಲಿ ಘಟ್ಟವೇ ಮುಚ್ಚಿದ್ದರೆ? ಹಾಗಾಗಿ ಬದಲಿ ಯಂತ್ರ ಎಲ್ಲಿದೆ, ಯಾವ ದಾರಿಯಲ್ಲಿ ತರುತ್ತೇವೆ ಎನ್ನುವುದೂ ಭದ್ರತಾ ಯೋಜನೆಯ ಭಾಗ.

ಮೆಟ್‌ಕಾಫ್‌ನಲ್ಲಿ ದೊಡ್ಡ ಕತ್ತಲು ಆಗಲಿಲ್ಲ. ಬೇರೆ ಲೈನುಗಳಿಂದ ವಿದ್ಯುತ್ ತಿರುಗಿಸಿ ಕೊಟ್ಟರು. ಎರಡನೇ ದಾರಿ ಮೊದಲೇ ಇದ್ದದ್ದು ಕೈಹಿಡಿಯಿತು.

ಒಳಗಿನವರೇ ಕೆಡಿಸಿದರೆ?

ಹೊರಗಿನವನಿಗೆ ಬೇಲಿ, ನಾಯಿ, ಬೀಗ ಎಲ್ಲಾ ಅಡ್ಡ. ಒಳಗೆ ಕೆಲಸ ಮಾಡುವವನಿಗೆ ಅವು ಯಾವುದೂ ಇಲ್ಲ. ಅವನ ಹತ್ತಿರ ಪಾಸ್ ಇದೆ.

2009ರ ನವೆಂಬರ್‌ನಲ್ಲಿ ಕೈಗಾದಲ್ಲೇ ಇದು ಆಯಿತು. ರಿಯಾಕ್ಟರಿನಲ್ಲಿ ಬಳಸುವ, ಟ್ರಿಟಿಯಂ ಎಂಬ ವಿಕಿರಣ ಅಂಶವಿದ್ದ ಭಾರಜಲ ಕುಡಿಯುವ ನೀರಿನ ಕೂಲರ್ ಸೇರಿತ್ತು. ಹತ್ತಾರು ಕೆಲಸಗಾರರು ಆ ನೀರು ಕುಡಿದಿದ್ದರು. ಒಳಗಿನವರೇ ಬೇಕೆಂದು ಬೆರೆಸಿದ್ದಾರೆ ಎಂದು ಅಧಿಕಾರಿಗಳು ಆಗ ಹೇಳಿದರು. ಅದು ಗೊತ್ತಾಗಿದ್ದು ಕ್ಯಾಮೆರಾದಿಂದಲ್ಲ. ಅಲ್ಲಿನ ಕೆಲಸಗಾರರ ಮೂತ್ರವನ್ನು ವಾಡಿಕೆಯಂತೆ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ತಪ್ಪದೆ ನಡೆಯುತ್ತಿದ್ದ ಒಂದು ನಿತ್ಯದ ತಪಾಸಣೆ ಆ ದಿನ ಕಾವಲಿನ ಕೆಲಸ ಮಾಡಿತು.

ಆಸ್ಟ್ರೇಲಿಯಾದ ಮರೂಚಿಯಲ್ಲಿ 2000ದಲ್ಲಿ ನಡೆದದ್ದು ಇನ್ನೊಂದು ಬಗೆ. ಕೊಳಚೆನೀರಿನ ವ್ಯವಸ್ಥೆ ಅಳವಡಿಸಿದ ಗುತ್ತಿಗೆ ಕಂಪನಿಯಲ್ಲಿ ಮೊದಲು ಕೆಲಸ ಮಾಡಿದ್ದ ಒಬ್ಬ, ಸಿಟ್ಟಿನಿಂದ, ರೇಡಿಯೋ ಉಪಕರಣ ಮತ್ತು ಲ್ಯಾಪ್‌ಟಾಪ್ ಬಳಸಿ ಪಂಪುಗಳಿಗೆ ತಪ್ಪು ಆದೇಶ ಕೊಟ್ಟ. ಸುಮಾರು 8 ಲಕ್ಷ ಲೀಟರ್ ಕೊಳಚೆ ತೊರೆ, ಪಾರ್ಕುಗಳಿಗೆ ಹರಿಯಿತು. ಕೆಲಸ ಬಿಟ್ಟು ಹೋದವನಿಗೆ ವ್ಯವಸ್ಥೆಯ ಒಳದಾರಿ ಗೊತ್ತೇ ಇತ್ತು.

ಇದಕ್ಕೆ ಯೋಜಕರು ಇಡುವ ಉಪಾಯಗಳು ಸರಳ. ಸೂಕ್ಷ್ಮ ಜಾಗಕ್ಕೆ ಒಬ್ಬರೇ ಹೋಗಬಾರದು, ಇಬ್ಬರು ಜೊತೆಗಿರಬೇಕು. ಯಾರಿಗೆ ಎಲ್ಲಿ ಕೆಲಸವೋ ಅಲ್ಲಿಗಷ್ಟೇ ಪಾಸ್. ಕೆಲಸ ಬಿಟ್ಟ ದಿನವೇ ಪಾಸು, ಪಾಸ್‌ವರ್ಡ್ ಎರಡೂ ರದ್ದು. ಗುತ್ತಿಗೆ ಕೆಲಸಗಾರರಿಗೂ ಪೊಲೀಸ್ ಪರಿಶೀಲನೆ. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳ ಯೋಜನೆ ಇರುವುದರಿಂದ, ಹೊಸ ಹೊಸ ಜನ ಬಂದು ಹೋಗುವ ಜಾಗದಲ್ಲಿ ಈ ನಿಯಮಗಳ ಭಾರ ಇನ್ನೂ ಜಾಸ್ತಿ. ಸಂಬಳ ಸಮಯಕ್ಕೆ ಕೊಡುವುದು, ದೂರು ಕೇಳುವುದು ಕೂಡ ಭದ್ರತೆಯ ಕೆಲಸವೇ. ಸಿಟ್ಟು, ಸಾಲ, ಒಂಟಿತನ ಇರುವವರನ್ನೇ ಸೋಷಿಯಲ್ ಮೀಡಿಯಾದಲ್ಲಿ ಸ್ನೇಹದ ಹೆಸರಲ್ಲಿ ಬಲೆ ಬೀಸುವವರು ಹುಡುಕುತ್ತಾರೆ.

ಕಂಪ್ಯೂಟರಿನ ಬಾಗಿಲು

ಈಗ ಗೇಟ್ ತೆರೆಯುವುದು, ಲೈನ್ ಬಂದ್ ಮಾಡುವುದು, ಪಂಪ್ ಓಡಿಸುವುದು ಹಲವೆಡೆ ದೂರದ ಕಂಟ್ರೋಲ್ ರೂಮಿನಿಂದಲೇ ಆಗುತ್ತದೆ. ಆ ವ್ಯವಸ್ಥೆಗೆ ಸ್ಕಾಡಾ ಎನ್ನುತ್ತಾರೆ. ಯಂತ್ರದ ಸ್ಥಿತಿಯನ್ನು ಪರದೆಗೆ ತರುತ್ತದೆ, ಪರದೆಯ ಆದೇಶವನ್ನು ಯಂತ್ರಕ್ಕೆ ಮುಟ್ಟಿಸುತ್ತದೆ. ಅದರೊಳಗೆ ಕೈಹಾಕಿದವನಿಗೆ ಬೇಲಿ ಹಾರುವ ಅಗತ್ಯವೇ ಇಲ್ಲ.

2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಕಂಟ್ರೋಲ್ ರೂಮಿನ ನೌಕರರ ಕಣ್ಣೆದುರೇ ಪರದೆಯ ಮೇಲಿನ ಬಾಣ ತಾನಾಗಿ ಓಡಾಡಿ ಒಂದೊಂದೇ ಬ್ರೇಕರ್ ತೆರೆಯಿತು. ಬ್ರೇಕರ್ ಎಂದರೆ ಲೈನನ್ನು ಕಡಿಯುವ ದೊಡ್ಡ ಸ್ವಿಚ್. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ದೂರು ಕೇಳುವ ಫೋನಿಗೆ ಸುಳ್ಳು ಕರೆಗಳನ್ನು ಸುರಿದು ಅದನ್ನೂ ಕಟ್ಟಿಹಾಕಿದ್ದರು. ಇದೆಲ್ಲ ಶುರುವಾಗಿದ್ದು ತಿಂಗಳುಗಳ ಹಿಂದೆ, ಆಫೀಸಿನ ನೌಕರರಿಗೆ ಬಂದ ಮೋಸದ ಇಮೇಲ್‌ಗಳಿಂದ.

ಅದಕ್ಕೇ ಆಫೀಸಿನ ಕಂಪ್ಯೂಟರ್ ಜಾಲ ಬೇರೆ, ಯಂತ್ರ ನಡೆಸುವ ಜಾಲ ಬೇರೆ ಇರಬೇಕು ಎನ್ನುತ್ತಾರೆ. 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲಕ್ಕೆ ಸೇರಿದ ಒಂದು ಕಂಪ್ಯೂಟರಿನಲ್ಲಿ ದುಷ್ಟ ಸಾಫ್ಟ್‌ವೇರ್ ಸಿಕ್ಕಿತ್ತು. ಸ್ಥಾವರದ ನಿಯಂತ್ರಣ ಜಾಲ ಪ್ರತ್ಯೇಕವಾಗಿದ್ದರಿಂದ ಅದಕ್ಕೆ ತಾಗಿಲ್ಲ ಎಂದು ಸ್ಥಾವರ ನಡೆಸುವ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್ ಹೇಳಿತು. ಆದರೂ ಪ್ರತ್ಯೇಕ ಇಟ್ಟ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. ರಿಪೇರಿಗೆ ಬಂದವರ ಲ್ಯಾಪ್‌ಟಾಪ್, ಸುಮ್ನೆ ಚುಚ್ಚಿದ ಒಂದು ಪೆನ್‌ಡ್ರೈವ್ ಎರಡು ಜಾಲಗಳ ನಡುವೆ ಸೇತುವೆಯಾಗಬಹುದು.

ನಮ್ಮಲ್ಲಿ ಇಂಥ ಕಂಪ್ಯೂಟರ್ ವ್ಯವಸ್ಥೆಗಳ ರಕ್ಷಣೆಗೆ 2014ರಿಂದ ಎನ್‌ಸಿಐಐಪಿಸಿ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ವಿದ್ಯುತ್ ಕ್ಷೇತ್ರಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ಸೈಬರ್ ಭದ್ರತೆಯ ಮಾರ್ಗಸೂಚಿ ತಂದಿತು. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರದ ಸಂಸ್ಥೆ ಸಿಇಆರ್‌ಟಿ-ಇನ್ 2022ರಲ್ಲಿ ಆದೇಶಿಸಿದೆ.

ಎಲ್ಲ ತಡೆಯೂ ಸೋತ ಮೇಲೆ

ಎಷ್ಟೇ ಕಾದರೂ ಒಂದು ದಿನ ಏನೋ ಕೈಕೊಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಯಾರ ಕೈವಾಡವೂ ಇರಲಿಲ್ಲ. ತಾತ್ಕಾಲಿಕ ಗೇಟ್ ಕೂರಿಸುವ ಹೊತ್ತಿಗೆ ಸುಮಾರು ಒಂದು ವಾರ ಕಳೆದಿತ್ತು.

ಬದಲಿ ವ್ಯವಸ್ಥೆ ಇದ್ದರಷ್ಟೇ ಸಾಲದು, ಅದು ಎಲ್ಲಿದೆ ಎನ್ನುವುದೂ ಮುಖ್ಯ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಭೂಕಂಪಕ್ಕೆ ಹೊರಗಿನ ಲೈನು ಹೋಯಿತು. ಡೀಸೆಲ್ ಜನರೇಟರುಗಳು ಶುರುವಾದವು. ಆದರೆ ಅವುಗಳಲ್ಲಿ ಹೆಚ್ಚಿನವು ಕಟ್ಟಡದ ನೆಲಮಾಳಿಗೆಯಲ್ಲಿದ್ದವು. ಸುನಾಮಿಯ ನೀರು ಬಂತು, ಅವು ಮುಳುಗಿದವು. ಎತ್ತರದಲ್ಲಿದ್ದ ಒಂದು ಜನರೇಟರ್ ಉಳಿದು, ಎರಡು ರಿಯಾಕ್ಟರುಗಳನ್ನು ಕಾಪಾಡಿತು. ನೆರೆ ಬರುವ ಹೊಳೆಯ ದಂಡೆಯಲ್ಲಿ ಪಂಪ್‌ಹೌಸ್, ಸಬ್‌ಸ್ಟೇಷನ್, ಟೆಲಿಫೋನ್ ಎಕ್ಸ್‌ಚೇಂಜ್ ಇಟ್ಟುಕೊಂಡ ನಮ್ಮ ಊರುಗಳಿಗೆ ಇದು ನೇರವಾಗಿ ತಾಗುವ ವಿಷಯ.

ಉಕ್ರೇನಿನಲ್ಲಿ ಕರೆಂಟು ಕೆಲವೇ ಗಂಟೆಗಳಲ್ಲಿ ವಾಪಸ್ ಬಂತು. ಹೇಗೆ? ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನುಗಳಿಗೆ ಹೋಗಿ ಬ್ರೇಕರುಗಳನ್ನು ಕೈಯಿಂದಲೇ ಹಾಕಿದರು. ಯಾವ ಬ್ರೇಕರ್ ಎಲ್ಲಿದೆ, ಯಾವುದನ್ನು ಮೊದಲು ಹಾಕಬೇಕು ಎಂದು ಅವರಿಗೆ ಗೊತ್ತಿತ್ತು. ನಮ್ಮ ಹೆಸ್ಕಾಂ ಲೈನ್‌ಮನ್‌ಗಳಿಗೂ ಕಾಡಿನ ಕಂಬ ಕಂಬವೂ ಗೊತ್ತು. ಯಾವ ಮರ ಯಾವ ಗಾಳಿಗೆ ಲೈನಿನ ಮೇಲೆ ಒರಗುತ್ತದೆ ಎಂದೂ ಗೊತ್ತು. ಹಳಬರು ನಿವೃತ್ತರಾಗುವ ಮೊದಲು ಅದನ್ನೆಲ್ಲ ನಕ್ಷೆಗೆ ಇಳಿಸಿಕೊಂಡು ಹೊಸಬರಿಗೆ ಕಲಿಸದಿದ್ದರೆ, ಎಷ್ಟೇ ದುಬಾರಿ ಸಾಫ್ಟ್‌ವೇರ್ ತಂದರೂ ಆ ನಷ್ಟ ತುಂಬುವುದಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಊರಿನವರಿಗೆ ಇದರಲ್ಲಿ ಏನು ಕೆಲಸ?

ಅಣುಸ್ಥಾವರ, ನೌಕಾನೆಲೆಗಳಂಥ ನಿಷೇಧಿತ ಜಾಗಗಳ ಫೋಟೋ, ವಿಡಿಯೋ ತೆಗೆಯುವುದು ಅಪರಾಧವಾಗಬಹುದು. 1923ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಡ್ರೋನ್ ಹಾರಿಸುವ ಮೊದಲು ಆ ಜಾಗ ಕೆಂಪು ವಲಯವಾ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಬೇಕು. ಕೆಂಪು ವಲಯದಲ್ಲಿ ಕೇಂದ್ರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಒಳಗೆ ಕೆಲಸ ಮಾಡುವವರು ಪಾಸಿನ ಫೋಟೋ, ಪಾಳಿಯ ಸಮಯ, ಹಡಗು ಬಂದು ಹೋದ ಸುದ್ದಿಯನ್ನು ಸ್ಟೇಟಸ್‌ಗೆ ಹಾಕಬಾರದು. ಒಂದೊಂದೇ ಚೂರು ಸೇರಿಸಿ ಪೂರ್ತಿ ಚಿತ್ರ ಮಾಡಿಕೊಳ್ಳುವವರಿರುತ್ತಾರೆ. ತಂತಿ ತುಂಡಾಗಿ ಬಿದ್ದಿದ್ದರೆ 1912ಕ್ಕೆ, ಅನುಮಾನದ ಓಡಾಟ ಕಂಡರೆ 112ಕ್ಕೆ ಫೋನ್ ಮಾಡಬಹುದು.

ಕಾಳಿ, ಶರಾವತಿ ದಂಡೆಯವರು ಪಂಚಾಯಿತಿಯಲ್ಲಿ ಕೇಳಬಹುದಾದ ಇನ್ನೊಂದು ವಿಷಯವಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಡ್ಯಾಮುಗಳಿಗೆ ತುರ್ತು ಕ್ರಿಯಾ ಯೋಜನೆ ಇರಲೇಬೇಕು. ನೀರು ನುಗ್ಗಿದರೆ ಯಾವ ಊರು ಎಷ್ಟು ಹೊತ್ತಿನಲ್ಲಿ ಮುಳುಗಬಹುದು, ಯಾರು ಯಾರಿಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ನಮ್ಮ ಊರು ಆ ಪಟ್ಟಿಯಲ್ಲಿದೆಯೇ, ಸೈರನ್ ನಮ್ಮ ಕೇರಿಗೆ ಕೇಳಿಸುತ್ತದೆಯೇ, ಕೇಳಿದ ಮೇಲೆ ಯಾವ ದಾರಿಯಲ್ಲಿ ಯಾವ ಗುಡ್ಡದ ಕಡೆ ಹೋಗಬೇಕು, ಕರೆಂಟು ಮತ್ತು ಫೋನ್ ಎರಡೂ ಇಲ್ಲದ ರಾತ್ರಿ ಸುದ್ದಿ ಯಾರು ತರುತ್ತಾರೆ ಎಂದು ಗ್ರಾಮಸಭೆಯಲ್ಲಿ ಕೇಳಿ. ಜೂನ್‌ಗೆ ಮೊದಲೇ ಕೇಳಿ.